ಹುಬ್ಬಿನ ವ್ಯಾಕರಣ

ರಾತ್ರಿ ಎಂಟೂವರೆಗೆ ನಮ್ಮ ಮನೆಯಲ್ಲಿ ಕನ್ನಡ ಶುರುವಾಗುತ್ತದೆ, ಒಂಬತ್ತೂಕಾಲಿಗೆ ಮುಗಿಯುತ್ತದೆ. ಆ ಮುಕ್ಕಾಲು ಗಂಟೆ ಟೀವಿ ಮಾತಾಡುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ. ನನ್ನ ಹೆಂಡತಿ ಅಡುಗೆಮನೆಯಲ್ಲಿ ತಟ್ಟೆಗಳನ್ನು ಕಳ್ಳಿಯಂತೆ ಸದ್ದಿಲ್ಲದೆ ಎತ್ತಿಡುತ್ತಾಳೆ. ಊಟದ ಮೇಜಿನ ಆ ಬದಿಯಲ್ಲಿ ಮೂರನೇ ತರಗತಿಯ ನಮ್ಮ ಪುಟ್ಟಿ, ಒಂದು ಪೆನ್ಸಿಲ್, ಅರ್ಧ ಕಚ್ಚಿ ತಿಂದ ರಬ್ಬರ್. ಈ ಬದಿಯಲ್ಲಿ ನಾನು ಮತ್ತು ನನ್ನ ಕೆಂಪು ಪೆನ್ನು. ನಡುವೆ ಉಕ್ತಲೇಖನದ ಪುಸ್ತಕ.

ಕನ್ನಡಕ್ಕಾಗಿ ಬೀದಿಗಿಳಿದವರ ಹೆಸರು ಇತಿಹಾಸದಲ್ಲಿದೆ. ಗೋಕಾಕ್ ಚಳವಳಿಯನ್ನು ಇವತ್ತಿಗೂ ನೆನೆಯುತ್ತಾರೆ. ಆದರೆ ಬೀದಿಗಿಳಿಯದೆ, ಬನಿಯನ್ನಿನಲ್ಲೇ ಕೂತು, ದಿನಕ್ಕೆ ಹತ್ತು ಪದದಂತೆ ಮಗುವಿನ ಕೈಯಲ್ಲಿ ಬರೆಸಿ, ತಪ್ಪಿದ್ದನ್ನು ಹತ್ತು ಹತ್ತು ಸಲ ತಿದ್ದಿಸುವ ತಂದೆತಾಯಿಗಳನ್ನು ಯಾರು ನೆನೆದಿದ್ದಾರೆ? ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಯಲ್ಲೂ ಈ ಕ್ಷೇತ್ರವನ್ನು ನಾನು ಕಂಡಿಲ್ಲ. ಆ ಕೊರತೆಯನ್ನು ತುಂಬುವ ಸಣ್ಣ ಪ್ರಯತ್ನ ಇದು. ಉದಾಹರಣೆಗೆ ನನ್ನ ಮನೆಯನ್ನೇ ತೆಗೆದುಕೊಂಡಿದ್ದೇನೆ. ಬೇರೆಯವರ ಮನೆಯ ಸಾಧನೆ ನನಗೆ ಅಷ್ಟಾಗಿ ಗೊತ್ತಿಲ್ಲ ಎಂಬುದು ಒಂದು ಕಾರಣ. ಅವರದು ಇಷ್ಟಿರಲಾರದು ಎಂಬುದು ಇನ್ನೊಂದು.

ಪುಟ್ಟಿ ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಅಲ್ಲಿ ಕನ್ನಡ ಎರಡನೇ ಭಾಷೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ 2017-18ರಿಂದ, ಒಂದನೇ ತರಗತಿಯಿಂದ ಮೊದಲಾಗಿ ಹಂತ ಹಂತವಾಗಿ ಜಾರಿಗೆ ಬಂತು. ಯಾವ ಪಠ್ಯಕ್ರಮದ ಶಾಲೆಯೂ ಈಗ ಕನ್ನಡ ಕಲಿಸುವುದಿಲ್ಲ ಎನ್ನುವಂತಿಲ್ಲ. ಕಾಯ್ದೆಯು ಕನ್ನಡವನ್ನು ಶಾಲೆಯ ಗೇಟಿನವರೆಗೆ ತಂದು ಬಿಟ್ಟಿತು. ಅಲ್ಲಿಂದ ನಮ್ಮ ಮನೆಗೆ ಹೊತ್ತು ತಂದದ್ದು ಡೈರಿ. ಪ್ರತಿ ಗುರುವಾರ ಅದರಲ್ಲಿ ಒಂದೇ ಸಾಲು: ನಾಳೆ ಡಿಕ್ಟೇಷನ್, ಮನೆಯಲ್ಲಿ ಅಭ್ಯಾಸ ಮಾಡಿಸಿ. 'ಮಾಡಿಸಿ' ಎಂಬ ಆ ಬಹುವಚನದಲ್ಲಿ ನನ್ನ ಹೆಂಡತಿಯೂ ಸೇರಿದ್ದಳು. ಆದರೆ ಅವಳ ಪದ್ಧತಿ ಸರಿಯಿರಲಿಲ್ಲ. ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾಠ ಓದಿ ಹೇಳುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ಹೊಣೆಯನ್ನು ನಾನು ವಹಿಸಿಕೊಂಡೆ.

ನನ್ನದು ಶಾಸ್ತ್ರೀಯ ಪದ್ಧತಿ. ಮೊದಲು ಕಾಗುಣಿತ, ನಮ್ಮ ಮೇಷ್ಟ್ರು ನನಗೆ ಹೇಳಿಕೊಟ್ಟ ಹಾಗೆಯೇ: ತಲೆಕಟ್ಟು ಕ, ಇಳಿ ಕಾ, ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕೊಂಬು ಕು, ಕೊಂಬಿನಿಳಿ ಕೂ, ವಟ್ರುಸುಳಿ ಕೃ. ಪುಟ್ಟಿಗೆ ಈ ಹೆಸರುಗಳು ಬಹಳ ಹಿಡಿಸಿದವು. ಕೊಂಬು ಎಂದಾಗ ತಲೆಯ ಮೇಲೆ ಎರಡು ಬೆರಳು ನೆಟ್ಟಳು. ಗುಡಿಸು ಎಂದಾಗ ಪೊರಕೆ ತರಲು ಎದ್ದಳು. ಕಲಿಕೆಗೆ ನಗು ಹತ್ತಿದರೆ ಶಿಸ್ತು ಕೆಡುತ್ತದೆಂದು ಬಲ್ಲವನಾದ್ದರಿಂದ ಅಂದೇ ಆ ಹೆಸರುಗಳನ್ನು ಕೈಬಿಟ್ಟು ಲೆಕ್ಕಕ್ಕೆ ಇಳಿದೆ. ವ್ಯಂಜನ 34. ಒಂದೊಂದಕ್ಕೂ 13 ಸ್ವರ, ಮೇಲೆ ಅನುಸ್ವಾರ, ವಿಸರ್ಗ. ಒಟ್ಟು 15 ರೂಪ. ಗುಣಿಸಿದರೆ 510.

"ಬರೀ ಐನೂರ ಹತ್ತು ಪುಟ್ಟಿ, ಅಷ್ಟೇ. ಒತ್ತಕ್ಷರ ಆಮೇಲೆ ನೋಡೋಣ."

ಅವಳು ಫ್ಯಾನಿನ ಕಡೆ ನೋಡಿದಳು, ಅಲ್ಲೇನಾದರೂ ಬರೆದಿದೆಯೋ ಎಂಬಂತೆ. ಗುಣಾಕಾರದ ಅಭ್ಯಾಸವೂ ಆಯಿತು.

ಎರಡನೆಯ ದಿನ ಮೂಲ ನಿಯಮವನ್ನು ಹೇಳಿಕೊಟ್ಟೆ. ಇಂಗ್ಲಿಷಿನ ಹಾಗೆ ಬರೆಯುವುದೊಂದು ಓದುವುದೊಂದು ಎಂಬ ಮೋಸ ಕನ್ನಡದಲ್ಲಿಲ್ಲ. ನಾವು ಹೇಗೆ ಮಾತಾಡುತ್ತೇವೋ ಹಾಗೇ ಬರೆಯುತ್ತೇವೆ. ಮಗುವಿನ ಮುಖ ಅರಳಿತು. ಅದೇ ಹುರುಪಿನಲ್ಲಿ 'ನಾನು ಮನೇಲಿ ಇದೀನಿ, ನಾಳೆ ಸ್ಕೂಲಿಗೆ ಹೋಗ್ತೀನಿ' ಎಂದು ಬರೆದಳು. ಹಾಗಾಗಿ ಮೂಲ ನಿಯಮಕ್ಕೆ ಒಂದು ಸಣ್ಣ ತಿದ್ದುಪಡಿ ತರಬೇಕಾಯಿತು. ಮಾತಾಡುವ ಹಾಗೆಯೇ ಬರೆಯಬೇಕು, ಆದರೆ ನಾವು ಮಾತಾಡುವ ಹಾಗಲ್ಲ. ಬರೆಯುವ ಹಾಗೆ ಮಾತಾಡುವವರು ಯಾರಾದರೂ ಇದ್ದರೆ ಅವರು ಮಾತಾಡುವ ಹಾಗೆ.

"ಅವರು ಎಲ್ಲಿದಾರಪ್ಪಾ?"

"ಆಕಾಶವಾಣಿಯಲ್ಲಿ" ಎಂದೆ.

ಮೂರನೆಯ ದಿನದಿಂದ ಅಪವಾದಗಳು. ಕು, ತು, ಸು ಎಂದು ಬರೆಯುವಾಗ ಕೊಂಬು ಬಲಗಡೆ ಬರುತ್ತದೆ. ಪು, ವು ಎನ್ನುವಾಗ ಮಾತ್ರ ಕೆಳಕ್ಕಿಳಿಯುತ್ತದೆ. ಸುಮ್ಮನಲ್ಲ, ವಕಾರಕ್ಕೆ ಪಕ್ಕದಲ್ಲೇ ಕೊಂಬು ಕೊಟ್ಟರೆ ಅದು ಮಕಾರದ ವೇಷ ಹಾಕಿಕೊಂಡುಬಿಡುತ್ತದೆ. ಇದನ್ನು ನಾನು ಹೇಳುವ ಮೊದಲೇ ಪುಟ್ಟಿ ಕಂಡುಹಿಡಿದಳು. 'ಹೂವು' ಎಂದು ಬರೆಯಹೋಗಿ 'ಹೂಮ' ಬರೆದು, "ಅಪ್ಪಾ, ನೋಡಿಲ್ಲಿ, ವ ಹೋಗಿ ಮ ಆಯ್ತು!" ಎಂದು ಕುರ್ಚಿಯ ಮೇಲೆ ಕುಣಿದಳು. ಲಿಪಿಯ ಒಂದು ಗುಟ್ಟು ಅವಳಿಗೆ ತಾನಾಗಿ ಹೊಳೆದದ್ದು ನಿಜ. ಆದರೆ ಪದ ತಪ್ಪಾಗಿತ್ತು. ಸೊನ್ನೆ ಹಾಕಿದೆ.

ಆಮೇಲೆ ಒತ್ತಕ್ಷರ. ಕ, ಗ, ಡ ಮುಂತಾದವು ಸಭ್ಯಸ್ಥ ಅಕ್ಷರಗಳು. ಕೆಳಗೆ ಹೋಗಿ ಕೂತರೂ ಇಂಥವರ ಮಕ್ಕಳು ಎಂದು ಗುರುತು ಸಿಗುತ್ತದೆ. ತ, ನ, ಮ, ಯ, ರ, ಲ ಹಾಗಲ್ಲ. ಒತ್ತಾದ ಕೂಡಲೇ ಸಾಲ ತೆಗೆದುಕೊಂಡವರ ಹಾಗೆ ಮುಖವನ್ನೇ ಬದಲಿಸುತ್ತವೆ. ಎಲ್ಲಕ್ಕಿಂತ ಮೇಲಿನದು ಅರ್ಕಾವತ್ತು. ಅದರ ಹೆಸರನ್ನೇ ಕೆಲವರು ಅರ್ಕಾವತ್ತು ಎಂದೂ ಕೆಲವರು ಅರ್ಕಾವೊತ್ತು ಎಂದೂ ಬರೆಯುವುದರಿಂದ ಆ ಪದವನ್ನು ಮಾತ್ರ ನಾನು ಉಕ್ತಲೇಖನಕ್ಕೆ ಕೊಡುವುದಿಲ್ಲ. ನಾಲಿಗೆಗೆ ಮೊದಲು ಬಂದ ರಕಾರವನ್ನು ಕೈ ಕೊನೆಗೆ ಬರೆಯಬೇಕು, ಇಷ್ಟೇ ಅದರ ನಿಯಮ. ಬಾಯಿಗೂ ಕೈಗೂ ನಡುವಿನ ಈ ಸಣ್ಣ ಗಲಿಬಿಲಿಯಲ್ಲಿ 'ಆಶೀರ್ವಾದ' ಎಂಬುದು 'ಆರ್ಶೀವಾದ' ಆಗಿಬಿಡುತ್ತದೆ. ಪುಟ್ಟಿಗೂ ಆಯಿತು. ಹತ್ತು ಸಲ ಬರೆಸಿದೆ. ನನ್ನ ಮದುವೆಯ ಲಗ್ನಪತ್ರಿಕೆಯಲ್ಲೂ 'ತಮ್ಮ ಆರ್ಶೀವಾದವೇ ಉಡುಗೊರೆ' ಎಂದು ಅಚ್ಚಾಗಿದೆ, ಆರುನೂರು ಪ್ರತಿ. ಕರಡು ತಿದ್ದಿದವನು ನಾನೇ. ಮದುವೆ ಇನ್ನೂ ಊರ್ಜಿತದಲ್ಲಿದೆ.

ಇನ್ನು ಮಹಾಪ್ರಾಣ. ನನ್ನ ಪದ್ಧತಿಯ ಶಿಖರ ಇದು. ಖ, ಘ, ಛ, ಝದಿಂದ ಹಿಡಿದು ಭಕಾರದವರೆಗೆ ಹತ್ತು ಮಹಾಪ್ರಾಣಗಳಿವೆ. ಮನೆಯಲ್ಲಿ ದಿನವಿಡೀ ಆಡುವ ಮಾತಿನಲ್ಲಿ ನಾವು ಅವುಗಳಲ್ಲಿ ಒಂದನ್ನೂ ಪೂರ್ತಿ ಉಸಿರು ಕೊಟ್ಟು ಆಡುವುದಿಲ್ಲ. ಆದ್ದರಿಂದಲೇ ಅವು ಅಷ್ಟು ಮುಖ್ಯ. ಎಂಟೂವರೆಗೆ ಸರಿಯಾಗಿ ನಾನು ಎದೆ ತುಂಬ ಗಾಳಿ ಎಳೆದುಕೊಂಡು 'ಧ್‌ಹನ' ಎಂದು ಬಿಡುತ್ತೇನೆ. ಉಕ್ತಲೇಖನದ ಹಾಳೆ ಅಲುಗುತ್ತದೆ, ದೇವರ ಮುಂದಿನ ದೀಪ ತೊನೆಯುತ್ತದೆ. ಗಾಳಿ ಬಂದರೆ ಧನ, ದುಡ್ಡು. ಬಾರದಿದ್ದರೆ ದನ, ಕೊಟ್ಟಿಗೆಯದು. ಒಂದು ಉಸಿರಿನ ಅಂತರದಲ್ಲಿ ಇಡೀ ಆಸ್ತಿಯೇ ಹುಲ್ಲು ತಿನ್ನತೊಡಗುತ್ತದೆಂದು ಅವಳಿಗೆ ವಿವರಿಸಿದ್ದೇನೆ. ಬರವಣಿಗೆಯಲ್ಲಿ ಈ ಉಸಿರಿಗೆ ಹೊಟ್ಟೆ ಸೀಳುವುದು ಎನ್ನುತ್ತೇವೆ. ದಕಾರದ ಹೊಟ್ಟೆ ಸೀಳಿದರೆ ಧ, ಬಕಾರದ್ದು ಸೀಳಿದರೆ ಭ. ಮಗುವಿಗೆ ಮೊದಲು ಅಯ್ಯೋ ಅನ್ನಿಸಿತು. ಈಗ ಸಲೀಸಾಗಿ ಸೀಳುತ್ತಾಳೆ.

ಹದಿನೈದು ದಿನದಲ್ಲಿ ಫಲ ಕಂಡಿತು. ಹತ್ತಕ್ಕೆ ಹತ್ತು, ಮತ್ತೆ ಹತ್ತಕ್ಕೆ ಹತ್ತು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಬಾಗಿಲಿಗೆ ಒರಗಿ ನಿಂತು ಸ್ವಲ್ಪ ಹೊತ್ತು ನೋಡಿ, "ರೀ, ಅವಳು ನಿಮ್ಮ ಮಾತು ಕೇಳ್ತಿಲ್ಲ, ನಿಮ್ಮ ಹುಬ್ಬು ನೋಡ್ತಿದಾಳೆ" ಎಂದಳು. ನಿಜವಿತ್ತು. ಮಹಾಪ್ರಾಣ ಬರುವಾಗ ನನ್ನ ಎಡಹುಬ್ಬು ತಾನಾಗಿ ಮೇಲೇರುತ್ತದಂತೆ. ಮಗಳು ಕಿವಿಯನ್ನು ಮುಚ್ಚಿಟ್ಟು ಹುಬ್ಬನ್ನು ಓದಿ ಬರೆಯುತ್ತಿದ್ದಳು. ಇದನ್ನು ದೋಷವೆಂದು ಸಾಮಾನ್ಯರು ತಿಳಿಯಬಹುದು. ಎಂಟು ವರ್ಷದ ಮಗು ತಂದೆಯ ಮುಖವನ್ನು ಇಷ್ಟು ಶ್ರದ್ಧೆಯಿಂದ ನೋಡುವ ಮನೆ ಈ ಕಾಲದಲ್ಲಿ ಎಲ್ಲಿದೆ? ಶಾಲೆಯ ಶುಕ್ರವಾರದ ಪರೀಕ್ಷೆಯಲ್ಲಿ ಮಾತ್ರ ಹತ್ತಕ್ಕೆ ನಾಲ್ಕು ಬಂತು. ಅವರ ಮಿಸ್ಸಿನ ಹುಬ್ಬು ಅಲ್ಲಾಡುವುದಿಲ್ಲವೆಂದು ಆಮೇಲೆ ತಿಳಿಯಿತು.

ಶ, ಷ, ಸಗಳಿಗೆ ನಮ್ಮ ಹಿರಿಯರು ಒಳ್ಳೆಯ ಉಪಾಯ ಮಾಡಿಟ್ಟಿದ್ದಾರೆ. ಶಂಕರನ ಶ, ಷಣ್ಮುಖನ ಷ, ಸರಸ್ವತಿಯ ಸ. ನಡುವಿನದಕ್ಕೆ ಹೊಟ್ಟೆ ಸೀಳಿದ ಷ ಎಂಬ ಮನೆಹೆಸರೂ ಉಂಟು. ಯಾವ ಪದಕ್ಕೆ ಯಾವುದು ಎಂಬುದನ್ನು ಮಾತ್ರ ಈ ಉಪಾಯ ಹೇಳುವುದಿಲ್ಲ. ಶಂಕರ, ಷಣ್ಮುಖ, ಸರಸ್ವತಿ ಎಂಬ ಮೂರು ಪದಗಳ ಮಟ್ಟಿಗೆ ಅದು ತಪ್ಪುವುದೇ ಇಲ್ಲ. ವಟ್ರುಸುಳಿಗೂ ರಕಾರದ ಒತ್ತಿಗೂ ಇರುವ ಭೇದವನ್ನು ಗೃಹ ಮತ್ತು ಗ್ರಹಗಳಿಂದ ಕಲಿಸಿದೆ. ಮೊದಲನೆಯದು ನಾವಿರುವುದು, ಎರಡನೆಯದು ನಮಗೆ ಹಿಡಿಯುವುದು. ಪುಟ್ಟಿ ಮರುದಿನ 'ನಮ್ಮ ಗ್ರಹದಲ್ಲಿ ಮೂರು ಜನ ಇದ್ದೇವೆ' ಎಂದು ಬರೆದಳು. ತಪ್ಪೆಂದು ಗೀಟು ಹಾಕಿದೆ. ಹೆಂಡತಿ ಯಾಕೋ ಆ ಪುಟದ ಫೋಟೋ ತೆಗೆದಿಟ್ಟುಕೊಂಡಿದ್ದಾಳೆ.

ಈ ಪರಂಪರೆ ನಿನ್ನೆ ಮೊನ್ನೆಯದಲ್ಲ. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜನಿಗೆ ತಂದೆ ಕವಿ ಮಲ್ಲಿಕಾರ್ಜುನ, ಸೋದರಮಾವ ಕವಿ ಜನ್ನ. ಆ ಮನೆಯಲ್ಲಿ ರಾತ್ರಿ ಎಂಟೂವರೆಗೆ ಏನು ನಡೆಯುತ್ತಿತ್ತೋ ಊಹಿಸಿಕೊಳ್ಳಿ. ಆಗ ಕನ್ನಡದಲ್ಲಿ ೞ ಎಂದೊಂದು ಅಕ್ಷರವಿತ್ತು. ಅದನ್ನು ಎಲ್ಲಿ ಬರೆಯಬೇಕು, ಳಕಾರವನ್ನು ಎಲ್ಲಿ ಬರೆಯಬೇಕು ಎಂದು ಜನಕ್ಕೆ ಗೊತ್ತಾಗುತ್ತಿರಲಿಲ್ಲವೆಂದು ಕಾಣುತ್ತದೆ. ಕೇಶಿರಾಜ ೞಕಾರವಿರುವ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ನಮ್ಮ ಡೈರಿಯಲ್ಲಿ ಅಂಟಿಸಿ ಕಳಿಸುತ್ತಾರಲ್ಲ, ಹಾಗೆಯೇ. ಪಟ್ಟಿಯ ಪರಿಣಾಮ ಚೆನ್ನಾಗಿಯೇ ಆಯಿತು. ಕಾಲಕ್ರಮದಲ್ಲಿ ಕನ್ನಡಿಗರು ೞ ಮತ್ತು ಱ ಎರಡನ್ನೂ ಬರೆಯುವುದನ್ನೇ ಬಿಟ್ಟರು. ಅಲ್ಲಿಂದ ಈಚೆಗೆ ಆ ಎರಡು ಅಕ್ಷರಗಳಲ್ಲಿ ಯಾವ ಮಗುವೂ ತಪ್ಪು ಮಾಡಿಲ್ಲ. ನಮ್ಮ ಕಾಲದಲ್ಲಿ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಗಳೂ ಕನ್ನಡಕ್ಕೆ ಬೇಡವೆಂದು ವಾದಿಸಿ, ಅವನ್ನು ಬಿಟ್ಟ ಬರವಣಿಗೆಯನ್ನು 'ಹೊಸ ಬರಹ' ಎಂದು ಕರೆದು, ತಮ್ಮ ಪುಸ್ತಕಗಳನ್ನು ಅದರಲ್ಲೇ ಬರೆದರು. ಹೊದಿಕೆಯ ಮೇಲೆ ತಮ್ಮ ಹೆಸರನ್ನೂ 'ಬಟ್' ಎಂದೇ ಅಚ್ಚು ಹಾಕಿಸಿದರು. ಒಬ್ಬ ವಿದ್ವಾಂಸ ಸ್ವಂತ ಮನೆತನದ ಹೊಟ್ಟೆಯ ಸೀಳನ್ನೇ ಹೊಲಿದುಬಿಟ್ಟದ್ದು ಕಂಡು ನಾನು ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ಅವರ ಮಾತು ಗೆದ್ದರೆ ನನಗೆ ಎಂಟೂವರೆಗೆ ಕೆಲಸವೇ ಇರುವುದಿಲ್ಲ. ಪುಟ್ಟಿಗೆ ಈ ವಿಷಯ ತಿಳಿಯದ ಹಾಗೆ ಪುಸ್ತಕವನ್ನು ಅಟ್ಟದ ಮೇಲಿಟ್ಟಿದ್ದೇನೆ.

ತಪ್ಪಿದ ಪದವನ್ನು ಹತ್ತು ಸಲ ಬರೆಸುವುದರ ಹಿರಿಮೆಯನ್ನು ಇಲ್ಲಿ ಹೇಳಲೇಬೇಕು. 'ವಿದ್ಯಾರ್ಥಿ' ಎಂದು ಹತ್ತು ಸಲ ಬರೆಸಿದ ದಿನ ಪಕ್ಕದಲ್ಲಿ ಕೂತು ಗಮನಿಸಿದೆ. ಪುಟ್ಟಿ ಮೊದಲು ಹತ್ತು ಸಾಲಿಗೂ 'ವಿ' ಬರೆದಳು, ಮೇಲಿನಿಂದ ಕೆಳಕ್ಕೆ, ಸಸಿ ನೆಟ್ಟ ಹಾಗೆ. ಆಮೇಲೆ ಹತ್ತಕ್ಕೂ 'ದ್ಯಾ'. ಆಮೇಲೆ 'ರ್ಥಿ'. ಪದ ಎಂಬುದು ಅವಳ ಕಣ್ಣಿಗೆ ಒಮ್ಮೆಯೂ ಬೀಳಲಿಲ್ಲ. ಕೆಲಸ ಮಾತ್ರ ಅರ್ಧ ಹೊತ್ತಿಗೆ ಮುಗಿಯಿತು. ಕಾರ್ಖಾನೆಗಳು ಇದೇ ತತ್ತ್ವದ ಮೇಲೆ ನಡೆಯುತ್ತವೆ. ಇನ್ನೊಂದು ದಿನ ಅಡ್ಡಸಾಲಿನಲ್ಲೇ ಬರೆಯಬೇಕೆಂದು ಕಟ್ಟು ಮಾಡಿದೆ. ಮೊದಲ ಮೂರು ಸರಿಯಾಗಿ ಬಂದವು. ನಾಲ್ಕನೆಯದರಲ್ಲಿ ದಕಾರದ ಹೊಟ್ಟೆ ಸೀಳಿತು. ಐದನೆಯದನ್ನು ನಾಲ್ಕನೆಯದು ನೋಡಿ ಬರೆದಳು, ಆರನೆಯದನ್ನು ಐದನೆಯದು ನೋಡಿ. ಹೀಗೆ ಮೂರು ಸಲ ಸರಿಯಾದದ್ದೂ ಏಳು ಸಲ ತಪ್ಪಾದದ್ದೂ ಒಂದೇ ಪುಟದಲ್ಲಿ ಅಭ್ಯಾಸವಾಯಿತು. ಬಹುಮತ ಯಾವ ಕಡೆಗಿತ್ತೋ ಅದು ಅವಳ ಮನಸ್ಸಿನಲ್ಲಿ ನಿಂತಿತು. ಪ್ರಜಾಪ್ರಭುತ್ವದ ಪಾಠ ಬೇರೆ ಬೇಕಿಲ್ಲ.

ಆದರೆ ನನ್ನ ಪದ್ಧತಿಯ ನಿಜವಾದ ಲಾಭ ಕಂಡದ್ದು ಪ್ರಬಂಧದಲ್ಲಿ. 'ನನ್ನ ಮೆಚ್ಚಿನ ಪ್ರಾಣಿ' ಎಂದು ಐದು ವಾಕ್ಯ ಬರೆಯಬೇಕಿತ್ತು. ಪುಟ್ಟಿಯ ಮೆಚ್ಚಿನ ಪ್ರಾಣಿ ಘೇಂಡಾಮೃಗ. ಮೃಗಾಲಯದಲ್ಲಿ ಅದರ ಮುಂದೆ ಒಂದು ಗಂಟೆ ನಿಂತವಳು, ಬಾ ಎಂದರೂ ಬಾರದವಳು. ಪ್ರಬಂಧದಲ್ಲಿ 'ನನ್ನ ಮೆಚ್ಚಿನ ಪ್ರಾಣಿ ಹಸು' ಎಂದಿತ್ತು.

"ಹಸು ಯಾವಾಗಿಂದ?" ಎಂದೆ.

"ಘೇಂಡಾಮೃಗದಲ್ಲಿ ಮೊದಲನೇದು ಹೊಟ್ಟೆ ಸೀಳಬೇಕು, ಆಮೇಲೆ ಸೊನ್ನೆ, ಆಮೇಲೆ ವಟ್ರುಸುಳಿ. ಮೂರು ಮಾರ್ಕು ಹೋಗತ್ತೆ. ಹಸುವಿನಲ್ಲಿ ಏನೂ ಹೋಗಲ್ಲ."

ಕೈಯಲ್ಲಿರುವಷ್ಟರಲ್ಲೇ ಬದುಕುವ ಈ ಮಿತವ್ಯಯವನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ತಾನಾಗಿ ಕಲಿತಳು. ಅಂದಿನಿಂದ ಅವಳ ಮೆಚ್ಚಿನ ಹಬ್ಬ ಯುಗಾದಿ, ಮೆಚ್ಚಿನ ಹಣ್ಣು ಸೇಬು, ಮೆಚ್ಚಿನ ಬಣ್ಣ ನೀಲಿ. ದಾಳಿಂಬೆಯನ್ನು ಅವಳು ಈಗ ತಿನ್ನುತ್ತಾಳೆ, ಮೆಚ್ಚುವುದಿಲ್ಲ.

ಈ ಸೇವೆಯಲ್ಲಿ ನಾನು ಒಂಟಿಯಲ್ಲ. ತರಗತಿಯ ತಂದೆತಾಯಿಗಳದೊಂದು ವಾಟ್ಸ್ಆ್ಯಪ್ ಗುಂಪಿದೆ. ಗುರುವಾರ ರಾತ್ರಿ ಅಲ್ಲಿ ನಡೆಯುವ ಚರ್ಚೆ ವಿದ್ವತ್ ಗೋಷ್ಠಿಗಳನ್ನು ನಾಚಿಸುತ್ತದೆ. ನಾಳೆಯ ಪಟ್ಟಿಯ 'ಹಳ್ಳಿ'ಗೆ ಯಾವ ಳ, ಲಕಾರ ಹಾಕಿದರೆ ಗೋಡೆಯ ಮೇಲೆ ಹರಿದಾಡುವುದಿಲ್ಲವೇ, 'ಹಣ್ಣಿ'ಗೆ ಯಾವ ಣ ಎಂಬ ಸೂಕ್ಷ್ಮಗಳೆಲ್ಲ ಅಲ್ಲಿ ಇತ್ಯರ್ಥವಾಗುತ್ತವೆ. ಎಲ್ಲವೂ ಕನ್ನಡದಲ್ಲೇ, ಇಂಗ್ಲಿಷ್ ಅಕ್ಷರಗಳಲ್ಲಿ. ಆ ಅಕ್ಷರಗಳಲ್ಲಿ ಲಕಾರಕ್ಕೂ ಳಕಾರಕ್ಕೂ ಒಂದೇ ಗೆರೆ, ನ ಮತ್ತು ಣಗಳಿಗೆ ಒಂದೇ ಗೂಡು. ಹ್ರಸ್ವ ದೀರ್ಘಗಳು ಬರೆಯುವವರ ಹೆಬ್ಬೆರಳಿನ ಕೃಪೆ. ಆದರೂ ನಲವತ್ತು ಮನೆಗಳಲ್ಲಿ ಒಬ್ಬರಿಗೂ ಒಬ್ಬರ ಮಾತು ಅರ್ಥವಾಗದೆ ಹೋದದ್ದಿಲ್ಲ. ದೊಡ್ಡವರು ತಪ್ಪು ಬರೆದರೂ ಅರ್ಥವಾಗುತ್ತದೆ, ಮಕ್ಕಳು ತಪ್ಪು ಬರೆದರೆ ಮಾತ್ರ ಭಾಷೆ ಸಾಯುತ್ತದೆ ಎಂಬ ಸತ್ಯ ನನಗೆ ಮನವರಿಕೆಯಾದದ್ದು ಆ ಗುಂಪಿನಲ್ಲಿ.

ನಮ್ಮ ಬಡಾವಣೆಯ ಸಂಘ ಕಳೆದ ನವೆಂಬರಿನಲ್ಲಿ ಕನ್ನಡದಲ್ಲಿ ಒಳ್ಳೆಯ ಅಂಕ ತೆಗೆದ ಮಕ್ಕಳಿಗೆ ಸನ್ಮಾನ ಇಟ್ಟುಕೊಂಡಿತ್ತು. ಕಾರ್ಯದರ್ಶಿಯಾಗಿ ಫ್ಲೆಕ್ಸಿನ ಒಕ್ಕಣೆ ಬರೆದುಕೊಟ್ಟವನು ನಾನು. ಇಪ್ಪತ್ತಡಿ ಉದ್ದ, ಒಂದು ತುದಿಗೆ ಭುವನೇಶ್ವರಿ, ಇನ್ನೊಂದು ತುದಿಗೆ ನಮ್ಮ ಹದಿನಾಲ್ಕು ಪದಾಧಿಕಾರಿಗಳು. ನಡುವೆ 'ಪ್ರತಿಭಾವಂತ ವಿಧ್ಯಾರ್ಥಿಗಳಿಗೆ ಹಾರ್ಧಿಕ ಅಭಿನಂದನೆಗಳು'. ಪುಟ್ಟಿ ಕೆಳಗೆ ನಿಂತು ಕತ್ತೆತ್ತಿ ಒಂದೊಂದೇ ಅಕ್ಷರ ಓದಿದಳು. "ಅಪ್ಪಾ, ಎರಡು ಕಡೆ ಸುಮ್ಮಸುಮ್ಮನೆ ಹೊಟ್ಟೆ ಸೀಳಿದಾರೆ" ಎಂದಳು, ಅಧ್ಯಕ್ಷರಿಗೆ ಕೇಳುವ ಹಾಗೆ. ವಿದ್ಯೆಯಲ್ಲೂ ಹೃದಯದಲ್ಲೂ ಉಸಿರು ಸ್ವಲ್ಪ ಹೆಚ್ಚಾದರೆ ಗೌರವವೇ ಹೊರತು ಕೊರತೆಯಲ್ಲ ಎಂದು ಸಮಾಧಾನ ಹೇಳಿದೆ. ಹತ್ತು ಸಲ ಬರೆಯಬೇಕಾ ಎಂದು ಕೇಳಿದಳು. ಫ್ಲೆಕ್ಸಿಗೆ ಚದರಡಿ ಲೆಕ್ಕದಲ್ಲಿ ದುಡ್ಡು, ಹತ್ತು ಸಲ ಬರೆಸಲಾಗುವುದಿಲ್ಲ ಎಂದೆ.

ಎಲ್ಲರಿಗೂ ಇಂಥ ತಂದೆ ಸಿಗುವುದಿಲ್ಲ. ನನ್ನ ತಮ್ಮನ ಮಗ ಊರಿನ ಸರ್ಕಾರಿ ಶಾಲೆಯಲ್ಲಿ ಓದಿದವನು. ಅಲ್ಲಿ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅಲ್ಲಿ ಅ ಆ ಇ ಈ ಎಂದು ಮೊದಲಿಂದ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂದು ಐದು ಅಕ್ಷರ ಕೊಟ್ಟು ಕೂರಿಸುತ್ತಾರೆ. ಬರೆಯಲು ಸುಲಭವಾದ ಅಕ್ಷರಗಳಂತೆ. ಹುಡುಗ ವಾರದೊಳಗೆ ಆ ಐದರಲ್ಲೇ ರಸ, ಸರ, ದರ, ಅರಸ, ಅಗಸ ಎಂದು ಗೋಡೆ ತುಂಬ ಗೀಚಿದ. 'ಗರಗಸ' ಎಂಬ ಪದವನ್ನು ತಾನೇ ಮಾಡಿಕೊಂಡು ಊರೆಲ್ಲ ಕೂಗಿಕೊಂಡು ತಿರುಗಿದ. ಮೇಷ್ಟರು ನೆಲದ ಮೇಲೆ ಮಕ್ಕಳ ಜೊತೆ ಕೂತಿರುತ್ತಾರೆ. ತಮ್ಮ ರಾತ್ರಿ ಎಂಟೂವರೆಗೆ ಟೀವಿ ನೋಡುತ್ತಾನೆ. ಈಗ ಆ ಹುಡುಗ ಸಿಕ್ಕಿದ ಕತೆ ಪುಸ್ತಕವನ್ನೆಲ್ಲ ಓದುತ್ತಾನೆ, ಬಸ್ಸಿನ ಬೋರ್ಡು, ಗೊಬ್ಬರದ ಚೀಲ ಯಾವುದನ್ನೂ ಬಿಡುವುದಿಲ್ಲ. ಓದಿ ಓದಿ ಪದಗಳ ರೂಪ ಅವನ ಕಣ್ಣಿಗೆ ಹತ್ತಿಬಿಟ್ಟಿದೆ. ತಪ್ಪೂ ಅಷ್ಟಾಗಿ ಬರೆಯುವುದಿಲ್ಲ. ಆದರೆ ನಿಯಮ ಹೇಳು ಎಂದರೆ ಒಂದೂ ಬಾರದು. ಅವನ ಮುಂದಿನ ಗತಿ ನೆನೆದು ಮರುಗುತ್ತೇನೆ.

ಕೊನೆಯದಾಗಿ ನನ್ನ ಸಾಧನೆಗೆ ಕಳಶವಿಟ್ಟ ಒಂದು ಪ್ರಸಂಗ. ದಸರಾ ರಜೆಗೆ ಅಮ್ಮ ಹಾಸನದ ಕಡೆಯ ನಮ್ಮ ಹಳ್ಳಿಯಿಂದ ಬಂದು ಮೂರು ವಾರ ಇದ್ದರು. ಅವರದು ನಾಲ್ಕನೇ ತರಗತಿಯ ಓದು. ಹಾಸನವನ್ನು ಆಸನ ಎನ್ನುತ್ತಾರೆ, ಹಕ್ಕಿಯನ್ನೂ ಅಕ್ಕಿಯನ್ನೂ ಒಂದೇ ಮೊರದಲ್ಲಿ ಹಾಕಿ ಕೇರುತ್ತಾರೆ. ಮಗುವಿನ ಉಚ್ಚಾರಣೆ ಕೆಟ್ಟೀತೆಂದು ನನಗೆ ದಿಗಿಲು. ಪುಟ್ಟಿ ಮೂರು ವಾರವೂ ಅವರ ಸೆರಗಿನೊಳಗೇ ಮಲಗಿ ಕಾಗಕ್ಕ ಗುಬ್ಬಕ್ಕನ ಕತೆ ಕೇಳಿದಳು. ಅವರು ಊರಿಗೆ ಹೊರಟ ಮಾರನೆಯ ದಿನ, ನಾನು ಹೇಳದೆ, ಯಾರೂ ಕೇಳದೆ, ರಫ್ ಪುಸ್ತಕದ ಹಾಳೆ ಹರಿದು ಅಜ್ಜಿಗೊಂದು ಕಾಗದ ಬರೆದಳು:

'ಅಜ್ಜಿ ನೀನು ಹೋದ ಮೆಲೆ ರಾತ್ರಿ ಯಾರೂ ಕತೆ ಹೇಳಲ್ಲ. ಕಾಗಕ್ಕನ ಕತೆ ಅರ್ದ ಆಗಿದೆ. ಮಳೆ ಬಂದು ಸಗಣಿ ಮನೆ ಕರಗಿತು ಆಮೆಲೆ ಗುಬ್ಬಕ್ಕ ಬಾಗಿಲು ತೆಗೆದಳಾ ಇಲ್ವಾ. ನಂಗೆ ನಿದ್ದೆ ಬರಲ್ಲ. ನಿನ್ನ ಸೀರೆ ವಾಸನೆ ದಿಂಬಲ್ಲಿ ಇದೆ ಅಮ್ಮ ಒಗಿತೀನಿ ಅಂದಳು ನಾನು ಬಚ್ಚಿಟ್ಟಿದೀನಿ. ಘೆಂಡಾಮ್ರುಗ ನೋಡಕ್ಕೆ ನಾವಿಬ್ರೂ ಹೋಗಣ. ಬೇಗ ಬಾ.'

ಕೆಂಪು ಪೆನ್ನು ತೆಗೆದೆ. 'ಮೇಲೆ' ದೀರ್ಘವಿಲ್ಲ, ಎರಡು ಕಡೆ. 'ಅರ್ಧ' ಹೊಟ್ಟೆ ಸೀಳಿಲ್ಲ. ಆಡುಮಾತು ಹಲವು ಕಡೆ. ಘೇಂಡಾಮೃಗದ ವಿಷಯ ಹೇಳುವುದೇ ಬೇಡ. 'ಕತೆ'ಗೂ ಸುತ್ತು ಹಾಕಿ 'ಕಥೆ' ಎಂದು ತಿದ್ದಿದೆ.

"ರೀ, ಕತೆ ಅಂತಾನೂ ಬರೀಬಹುದು, ತದ್ಭವ ಅದು. ನಿಘಂಟಿನಲ್ಲೇ ಇದೆ" ಎಂದಳು ಹೆಂಡತಿ. ಸಂಸ್ಕೃತದ ಪದಗಳು ಕನ್ನಡಕ್ಕೆ ಬಂದಾಗ ಹೇಗೆ ಮಾರ್ಪಡುತ್ತವೆಂದು ಕೇಶಿರಾಜ ಒಂದು ಪ್ರಕರಣವನ್ನೇ ಬರೆದಿದ್ದಾನೆಂಬುದು ನನಗೆ ತಿಳಿಯದ್ದೇನಲ್ಲ.

"ಕೇಶಿರಾಜನಿಗೆ ಶುಕ್ರವಾರ ಪರೀಕ್ಷೆ ಇರಲಿಲ್ಲ" ಎಂದೆ.

ಶುದ್ಧ ಪ್ರತಿ ಮಾಡಲು ಹೇಳಿದೆ. ಎರಡನೆಯ ಪ್ರತಿಯಲ್ಲಿ ಘೇಂಡಾಮೃಗ ಇರಲಿಲ್ಲ. ತಪ್ಪು ಒಂಬತ್ತಕ್ಕೆ ಇಳಿದಿತ್ತು. ಮೂರನೆಯದರಲ್ಲಿ ದಿಂಬು, ಸೀರೆ ಹೋದವು, ತಪ್ಪು ಐದು. ನಾಲ್ಕನೆಯದರಲ್ಲಿ ಅರ್ಧವಾಗಿದ್ದ ಕಥೆಯೂ ಹೋಯಿತು. ಐದನೆಯ ಪ್ರತಿಯನ್ನು ಅವಳು ತಾನೇ ತಂದು ಮೇಜಿನ ಮೇಲಿಟ್ಟಳು. ಇನ್‌ಲ್ಯಾಂಡ್ ಲೆಟರಿನ ಮೇಲೆ, ಮುತ್ತು ಪೋಣಿಸಿದ ಅಕ್ಷರ:

'ಪ್ರೀತಿಯ ಅಜ್ಜಿಗೆ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿರು.'

ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ಒಂದೂ ತಪ್ಪಿಲ್ಲ. ಒಂದೂ ಮಹಾಪ್ರಾಣವಿಲ್ಲ. ಹತ್ತಕ್ಕೆ ಹತ್ತು ಎಂದು ಬರೆಯಲು ಕೈ ಹೋಯಿತು; ಅಂಚೆಗೆ ಹೋಗುವ ಕಾಗದವೆಂದು ತಡೆದುಕೊಂಡೆ. ಅಷ್ಟು ಹೊತ್ತೂ ಪುಟ್ಟಿ ನನ್ನ ಹುಬ್ಬನ್ನೇ ನೋಡುತ್ತಿದ್ದಳು.

ವಾರ ಕಳೆದು ಅಮ್ಮನ ಫೋನ್ ಬಂತು. ಕಾಗದ ತಲುಪಿತ್ತು. ತಪ್ಪಿಲ್ಲದ ಕಾಗದ ಅವರ ಜೀವಮಾನದಲ್ಲೇ ಮೊದಲನೆಯದು. ಮೆಚ್ಚುಗೆಯ ಮಾತಿಗಾಗಿ ನಾನು ಸ್ಪೀಕರ್ ಹಾಕಿ ಹೆಂಡತಿಯನ್ನೂ ಕರೆದೆ.

"ಕಾಗ್ದ ಮೂರ್ ಸಲ ಓದ್ದೆ ಕಣ್ಲಾ" ಎಂದರು ಅಮ್ಮ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಮಗೀಗೆ ಉಸಾರಿಲ್ವೇನ್ಲಾ?"

"ಅಮ್ಮ, ಅದು ಹುಷಾರು" ಎಂದೆ. "ಮೊದಲು ಹ. ಆಮೇಲೆ ಹೊಟ್ಟೆ ಸೀಳಿದ ಷ."